ಎಡಗೈ ಕೋವಿಯ ಬೆಲೆ

"ಗುರುಗಳೇ, ನ್ಯಾಯವಾದ ಬೆಲೆ ಎಂದರೆ ಯಾವುದು? ಮಾರುವವನು ಕೇಳಿದ್ದೋ, ಕೊಳ್ಳುವವನು ಕೊಟ್ಟಿದ್ದೋ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಕೊಡಗಿನ ಒಂದು ಊರಿನಲ್ಲಿ ದೇಚಮ್ಮ ಎಂಬ ಹೆಣ್ಣುಮಗಳಿದ್ದಳು. ಜೇನು ಸಾಕಿ ಬದುಕುತ್ತಿದ್ದಳು. ಅವಳು ಹುಟ್ಟು ಎಡಚಿ. ಆ ನಾಡಿನಲ್ಲಿ ಕೋವಿ ಎಂದರೆ ಮನೆಯ ಮರ್ಯಾದೆ. ವರ್ಷಕ್ಕೊಮ್ಮೆ, ಕೈಲ್ ಮುಹೂರ್ತದ ಹಬ್ಬದಂದು, ಮನೆಮನೆಯಲ್ಲೂ ಕೋವಿಗೆ ಹೂ ಮುಡಿಸಿ ಕೈಮುಗಿಯುತ್ತಾರೆ. ಆಮೇಲೆ ಮೈದಾನದಲ್ಲಿ ಸೇರಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಒಬ್ಬೊಬ್ಬರಿಗೆ ಮೂರು ಗುಂಡು. ಮೂರನ್ನೂ ಬಿಡುವಿಲ್ಲದೆ ಹೊಡೆಯಬೇಕು.

ದೇಚಮ್ಮನ ಕೈಯಲ್ಲಿದ್ದದ್ದು ತೀರಿಹೋದ ಅಪ್ಪನ ರೈಫಲ್. ಅದು ಎಲ್ಲರ ರೈಫಲುಗಳಂತೆ ಬಲಗೈಯವರಿಗಾಗಿ ಮಾಡಿದ್ದು. ಪ್ರತಿ ಗುಂಡಿನ ನಂತರ ಎಳೆದು ತಳ್ಳಬೇಕಾದ ಬೋಲ್ಟು ಅದರ ಬಲಮಗ್ಗುಲಿಗಿತ್ತು. ಎಡಹೆಗಲಿಗೆ ಕೋವಿ ಆನಿಸುವ ದೇಚಮ್ಮ ಒಂದು ಗುಂಡು ಹೊಡೆದ ಮೇಲೆ ಕೋವಿಯ ಮೇಲಿಂದ ಕೈ ಚಾಚಿ ಬೋಲ್ಟನ್ನು ಎಳೆಯಬೇಕಾಗಿತ್ತು. ಅಷ್ಟರಲ್ಲಿ ಇಟ್ಟ ಗುರಿ ಕದಲಿಹೋಗುತ್ತಿತ್ತು. ಬಲಗೈಯಲ್ಲಿ ಹೊಡೆಯುವುದನ್ನು ಕಲಿ ಎಂದು ಊರವರೆಲ್ಲ ಹೇಳಿದರು. ಕಲಿತಳು. ಬಲಗೈಯಲ್ಲಿ ಹೊಡೆದರೆ ಗುಂಡು ಮರಕ್ಕೆ ತಾಗುತ್ತಿತ್ತು. ಎಡಗೈಯಲ್ಲಿ ಹೊಡೆದರೆ ಮೊದಲ ಗುಂಡು ಕಾಯಿಯ ಸಿಪ್ಪೆ ಹಾರಿಸುತ್ತಿತ್ತು, ಉಳಿದೆರಡು ಗಾಳಿಗೆ ಹೋಗುತ್ತಿದ್ದವು. "ಎಡಚಿಯಾಗಿ ಇಷ್ಟಾದರೂ ಹೊಡೆಯುತ್ತಾಳಲ್ಲ" ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು. ಆ ಮೆಚ್ಚುಗೆ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಪಕ್ಕದ ಊರಿನಲ್ಲಿ ಬೆಳ್ಯಪ್ಪ ಎಂಬ ಮುದುಕನಿದ್ದ. ಸೈನ್ಯದಲ್ಲಿದ್ದು ಬಂದವನು. ಅವನೂ ಎಡಚ. ಅವನ ಹತ್ತಿರ ಎಡಗೈಯವರಿಗೆಂದೇ ಮಾಡಿದ ರೈಫಲ್ ಇತ್ತು. ಅದರ ಬೋಲ್ಟು ಎಡಮಗ್ಗುಲಿಗೆ, ಮರದ ಹಿಡಿಯಲ್ಲಿ ಕೆನ್ನೆ ಆನಿಸುವ ಉಬ್ಬು ಬಲಮಗ್ಗುಲಿಗೆ. ಅಂಥದ್ದು ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಅದರಿಂದ ಅವನು ಕಾಯಿ ಒಡೆಯದ ಹಬ್ಬವೇ ಇರಲಿಲ್ಲ ಎಂದು ಹಿರಿಯರು ನೆನೆಯುತ್ತಿದ್ದರು. ಈಗ ಅವನ ಕಣ್ಣಿಗೆ ಪೊರೆ ಬಂದು, ಮರವೇ ಸರಿಯಾಗಿ ಕಾಣುತ್ತಿರಲಿಲ್ಲ. ಮಕ್ಕಳೆಲ್ಲ ಬಲಗೈಯವರು. ಗೋಡೆಗೆ ನೇತುಹಾಕಿ ತುಕ್ಕು ಹಿಡಿಸುವುದಕ್ಕಿಂತ ಮಾರುವುದೇ ಲೇಸೆಂದು ಅವನು ನಿಶ್ಚಯಿಸಿದ.

ಕೋವಿಯನ್ನು ಪೇಟೆಯ ವ್ಯಾಪಾರಿಯ ಹತ್ತಿರ ಒಯ್ದ. ವ್ಯಾಪಾರಿ ನಳಿಗೆ ನೋಡಿದ, ಮರ ನೋಡಿದ, ಚೆನ್ನಾಗಿದೆ ಎಂದ. ಬೋಲ್ಟು ನೋಡಿದವನೇ ಕೋವಿಯನ್ನು ಕೆಳಗಿಟ್ಟ.

"ಯಜಮಾನರೇ, ಇದನ್ನು ಕೊಳ್ಳುವವನನ್ನು ಎಲ್ಲಿಂದ ತರಲಿ? ಹೊಸ ಕೋವಿಯ ಕಾಲು ಭಾಗ ಬೆಲೆ ಕೊಡುತ್ತೇನೆ. ಅದೂ ನಿಮ್ಮ ಮುಖ ನೋಡಿ."

ಬೆಳ್ಯಪ್ಪ ಕೋವಿಯನ್ನು ಹೆಗಲಿಗೇರಿಸಿ ಮನೆಗೆ ಬಂದ. ಹೊಸ ಕೋವಿಗಿಂತ ಒಂದು ರೂಪಾಯಿ ಹೆಚ್ಚು ಸಿಕ್ಕದಿದ್ದರೆ ಮಾರುವುದಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ.

ಸುದ್ದಿ ದೇಚಮ್ಮನ ಕಿವಿಗೆ ಬಿತ್ತು. ಅವಳು ಕೂಡಿಟ್ಟಿದ್ದ ಹಣ ವ್ಯಾಪಾರಿ ಹೇಳಿದ ಬೆಲೆಗೆ ಸರಿಹೋಗುತ್ತಿತ್ತು. ಸೋದರಮಾವ ಉತ್ತಯ್ಯನನ್ನು ಜೊತೆಗೆ ಕರೆದುಕೊಂಡು ಹೊರಟಳು. ಉತ್ತಯ್ಯ ಚೌಕಾಸಿಯಲ್ಲಿ ಗಟ್ಟಿಗ. ದಾರಿಯಲ್ಲೇ ಪಾಠ ಹೇಳಿಕೊಟ್ಟ. "ಆಸೆ ತೋರಿಸಬೇಡ. ಬಲಹೆಗಲಿಗೇ ಏರಿಸಿ ನೋಡು. ನಿನಗೆ ಯಾವುದಾದರೂ ಒಂದೇ ಎಂದು ಮುದುಕನಿಗೆ ಅನ್ನಿಸಲಿ."

ಬೆಳ್ಯಪ್ಪ ಕೋವಿ ತಂದು ಕೊಟ್ಟ. ದೇಚಮ್ಮ ಮಾವ ಹೇಳಿದಂತೆ ಅದನ್ನು ಬಲಹೆಗಲಿಗೆ ಏರಿಸಿದಳು. ಅವಳ ಎಡಗೈ ತಾನಾಗಿಯೇ ಬೋಲ್ಟಿನ ಕಡೆಗೆ ಹೋಯಿತು.

ಮುದುಕ ನಕ್ಕ. "ಕೋವಿಗೂ ಸುಳ್ಳು ಹೇಳುತ್ತೀಯಾ ಮಗಳೇ? ಸರಿಯಾಗಿ ಹಿಡಿ."

ದೇಚಮ್ಮನ ಮುಖ ಕೆಂಪಾಯಿತು. ಕೋವಿಯನ್ನು ಎಡಹೆಗಲಿಗೆ ಬದಲಾಯಿಸಿದಳು. ಬೋಲ್ಟು ಎಳೆದಳು, ತಳ್ಳಿದಳು. ಹೆಗಲು ಅಲ್ಲಾಡಲಿಲ್ಲ, ಗುರಿ ಕದಲಲಿಲ್ಲ. ಇಷ್ಟು ವರ್ಷ ಊರವರೆಲ್ಲ ಹೀಗೆ ಹೊಡೆಯುತ್ತಿದ್ದರೆಂದು ಅವಳಿಗೆ ಅವತ್ತೇ ಗೊತ್ತಾಯಿತು. ಕೋವಿಯನ್ನು ಕೆಳಗಿಳಿಸಲು ಮನಸ್ಸೇ ಬರಲಿಲ್ಲ. ಅದನ್ನು ಅವಳ ಮಾವನೂ ಕಂಡ, ಮುದುಕನೂ ಕಂಡ.

"ಇವಳೊಬ್ಬಳನ್ನು ಬಿಟ್ಟರೆ ನಿಮ್ಮ ಕೋವಿಯನ್ನು ಯಾರು ಕೇಳುತ್ತಾರೆ? ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟುಬಿಡಿ" ಎಂದ ಉತ್ತಯ್ಯ.

"ನನ್ನ ಕೋವಿ ಬಿಟ್ಟರೆ ಇವಳಿಗೆ ಇನ್ನೊಂದು ಎಲ್ಲಿ ಸಿಗುತ್ತದೆ? ನಾನು ಹೇಳಿದ ಬೆಲೆ ಕೊಟ್ಟುಬಿಡಿ" ಎಂದ ಬೆಳ್ಯಪ್ಪ.

ಇಬ್ಬರೂ ಹೇಳಿದ್ದು ನಿಜವೇ. ಮಾತು ಏರುತ್ತಾ ಹೋಯಿತು. ಕೊನೆಗೆ ನಾಡಿನ ತಕ್ಕರನ್ನು ಕೇಳೋಣ ಎಂದು ಒಪ್ಪಿದರು. ತಕ್ಕರೆಂದರೆ ಆ ಸೀಮೆಯಲ್ಲಿ ನ್ಯಾಯ ಹೇಳುವ ಹಿರಿಯರು. ಅವರ ಮಾತನ್ನು ಯಾರೂ ಮೀರುತ್ತಿರಲಿಲ್ಲ.

ತಕ್ಕರು ಕೋವಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಚಾಪೆಯ ಮೇಲಿಟ್ಟರು.

"ನಾನು ಬಲಗೈಯವನು. ಇದರ ಬೆಲೆ ನನಗೆ ತಿಳಿಯದು. ತಿಳಿದವರು ಇಲ್ಲಿ ಇಬ್ಬರಿದ್ದೀರಿ. ಆದರೆ ನಿಮ್ಮ ನಿಮ್ಮ ಪರವಾಗಿ ಮಾತಾಡಿದರೆ ನಾನು ಕೇಳುವುದಿಲ್ಲ. ಬೆಳ್ಯಪ್ಪ, ನೀನು ಇವಳ ಪರವಾಗಿ ಹೇಳು. ದೇಚಮ್ಮ, ನೀನು ಇವನ ಪರವಾಗಿ ಹೇಳು. ಉತ್ತಯ್ಯ, ನೀನು ಸುಮ್ಮನಿರು."

ಬೆಳ್ಯಪ್ಪ ಬಗ್ಗಿ, ಕೋವಿಯ ಮರದ ಹಿಡಿಯನ್ನು ಬೆರಳಿನಿಂದ ತಡವಿ, ಒಂದು ಕಡೆ ಬೆರಳು ನಿಲ್ಲಿಸಿದ.

"ಇಲ್ಲಿ ಬಿರುಕಿದೆ. ಅರಗು ತುಂಬಿ ಮೆರುಗು ಹಚ್ಚಿದ್ದೇನೆ. ವ್ಯಾಪಾರಿಗೂ ಕಾಣಲಿಲ್ಲ. ಮುಂದೊಂದು ದಿನ ಮರವನ್ನೇ ಬದಲಾಯಿಸಬೇಕಾಗುತ್ತದೆ. ಇನ್ನೊಂದು, ನಳಿಗೆ ಕಾದರೆ ಗುಂಡು ತುಸು ಬಲಕ್ಕೆ ಹೋಗುತ್ತದೆ. ಅದು ನನ್ನೊಬ್ಬನಿಗೇ ಗೊತ್ತು. ಕೊಳ್ಳುವವಳು ಇದಕ್ಕೆಲ್ಲ ಬೆಲೆ ಇಳಿಸಿ ಕೇಳಬೇಕು. ಅವಳ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ."

ಹೇಳಿ ಮುಗಿಸಿದ ಮೇಲೆ ಅವನು ಬೆನ್ನು ನೇರ ಮಾಡಿ ಕುಳಿತ.

ದೇಚಮ್ಮ ಅವನ ಬೆರಳು ನಿಂತಿದ್ದ ಜಾಗವನ್ನೇ ನೋಡುತ್ತಿದ್ದಳು. ಈಗ ಸುಮ್ಮನಿದ್ದುಬಿಟ್ಟರೆ ಕೋವಿ ಅವಳ ಹಣಕ್ಕೆ ಸಿಕ್ಕುತ್ತಿತ್ತು. ಸಂಜೆಯೇ ಮನೆಗೆ ಒಯ್ಯಬಹುದಿತ್ತು. ಹಬ್ಬ ಹತ್ತಿರವೇ ಇತ್ತು. ಮಾವ ಅವಳ ಸೆರಗಿನ ತುದಿಯನ್ನು ಮೆಲ್ಲಗೆ ಎಳೆದ.

ಅವಳು ಸೆರಗನ್ನು ಬಿಡಿಸಿಕೊಂಡಳು.

"ತಕ್ಕರೇ, ಬಿರುಕಿಗೆ ಬೆಲೆ ಇಳಿಯಲಿ. ನಳಿಗೆಯ ದೋಷಕ್ಕೂ ಇಳಿಯಲಿ. ಎಡಗೈಯದು ಎಂಬುದಕ್ಕೆ ಮಾತ್ರ ಒಂದು ಕಾಸೂ ಇಳಿಯಬಾರದು. ಚಿಕ್ಕಂದಿನಿಂದ ನನ್ನ ಎಡಗೈಗೆ ಪೆಟ್ಟು ಬಿದ್ದಿದೆ. ಊಟಕ್ಕೆ ಕೂತರೆ ಪೆಟ್ಟು, ಬರೆಯಲು ಕೂತರೆ ಪೆಟ್ಟು. ಇವತ್ತು ಇದನ್ನು ಕಾಲು ಬೆಲೆಗೆ ಕೊಂಡರೆ, ಪೆಟ್ಟು ಕೊಟ್ಟವರೆಲ್ಲ ಸರಿ ಎಂದು ನಾನೇ ಒಪ್ಪಿದ ಹಾಗೆ. ಇದೇ ಕೋವಿ ಇದೇ ಬಿರುಕಿನೊಂದಿಗೆ ಬಲಗೈಯದಾಗಿದ್ದರೆ ಎಷ್ಟಕ್ಕೆ ಹೋಗುತ್ತಿತ್ತೋ ಅಷ್ಟು ಇವರಿಗೆ ಸಲ್ಲಬೇಕು. ನನಗೆ ಇದು ಬೇಕೇಬೇಕು ಎಂಬುದಕ್ಕಾಗಿ ಅದರ ಮೇಲೆ ಒಂದು ಕಾಸನ್ನೂ ನಾನು ಕೊಡುವುದಿಲ್ಲ. ಬೇಕು ಅನ್ನುವುದು ತಪ್ಪಲ್ಲವಲ್ಲ, ದಂಡ ಕಟ್ಟುವುದಕ್ಕೆ."

ಬೆಳ್ಯಪ್ಪ ತಲೆಯೆತ್ತಿದ. ಅವಳ ಮುಖ ಅವನಿಗೆ ಮಸುಕಾಗಿ ಕಾಣುತ್ತಿತ್ತು. ಆದರೂ ಆ ಕಡೆಗೇ ನೋಡುತ್ತಾ ಕುಳಿತ. ಸೈನ್ಯದಲ್ಲಿ ಅವನನ್ನೂ ಬಲಗೈಯವನನ್ನಾಗಿ ಮಾಡಲು ನೋಡಿದ್ದರು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. "ಸರಿ" ಎಂದಷ್ಟೇ ಅಂದ.

ತಕ್ಕರು ಬೆಲೆ ಹೇಳಿದರು. ಹೊಸ ಕೋವಿಯ ಅರ್ಧಕ್ಕಿಂತ ತುಸು ಹೆಚ್ಚು. ಎರಡು ಕಡೆಯವರೂ ತಲೆಯಾಡಿಸಿದರು.

ದೇಚಮ್ಮ ತಂದಿದ್ದ ಹಣವನ್ನೆಲ್ಲ ಬೆಳ್ಯಪ್ಪನ ಮುಂದಿಟ್ಟಳು. ಅದು ಸಾಲುತ್ತಿರಲಿಲ್ಲ. "ಕೋವಿ ಒಯ್ಯಿ ಮಗಳೇ. ಉಳಿದದ್ದು ನಿಧಾನವಾಗಿ ಕೊಡುವೆಯಂತೆ" ಎಂದ ಮುದುಕ.

"ಬೇಡ ಅಜ್ಜ. ಪೂರ್ತಿ ಕೊಟ್ಟು ಒಯ್ಯುತ್ತೇನೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಬಂದು ಎಣ್ಣೆ ಹಾಕಿ ಒರೆಸಿ ಹೋಗುತ್ತೇನೆ. ಅಷ್ಟಕ್ಕೆ ಒಪ್ಪಿಗೆ ಕೊಡಿ."

ದಾರಿಯುದ್ದಕ್ಕೂ ಉತ್ತಯ್ಯ ಗೊಣಗಿದ. ಕೈಗೆ ಬಂದಿದ್ದನ್ನು ತನ್ನ ಬಾಯಿಂದಲೇ ಕಳೆದುಕೊಂಡಳು ಎಂದು ಮನೆಗೆ ಬಂದ ಮೇಲೂ ಗೊಣಗಿದ. ಆ ವರ್ಷದ ಹಬ್ಬದಲ್ಲಿ ಅವಳು ಅಪ್ಪನ ಕೋವಿಯಲ್ಲೇ ಹೊಡೆದಳು. ಮೊದಲ ಗುಂಡು ಸಿಪ್ಪೆ ಹಾರಿಸಿತು. ಉಳಿದೆರಡು ಗಾಳಿಗೆ ಹೋದವು. ಜನ ಎಂದಿನಂತೆ ಮೆಚ್ಚಿದರು. ಈ ಸಲ ಅದು ಅವಳನ್ನು ಚುಚ್ಚಲಿಲ್ಲ.

ಮಳೆ ಕಳೆದು ಚಳಿ ಬಂತು. ಒಂದು ದಿನ ಅವಳು ಬೆಳ್ಯಪ್ಪನ ಜಗಲಿಯಲ್ಲಿ ಕುಳಿತು ಕೋವಿ ಒರೆಸುತ್ತಿದ್ದಾಗ ಅಂಗಳದಲ್ಲಿ ಕಾರು ನಿಂತಿತು. ಪೇಟೆಯ ವ್ಯಾಪಾರಿ ಇಳಿದ. ಅವನ ಹಿಂದೆ ದೂರದ ಊರಿನ ಧನಿಕನೊಬ್ಬ ಇಳಿದ. ಅವನು ಬಾಗಿಲು ಮುಚ್ಚಿದ್ದೂ ಕನ್ನಡಕ ತೆಗೆದದ್ದೂ ಎಡಗೈಯಲ್ಲೇ. ದೇಚಮ್ಮನ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಯಜಮಾನರೇ, ನಿಮ್ಮ ಅದೃಷ್ಟ ತೆರೆಯಿತು. ಇವರು ಇಂಥದ್ದನ್ನೇ ಎಷ್ಟೋ ದಿನದಿಂದ ಹುಡುಕುತ್ತಿದ್ದಾರೆ. ಹೊಸ ಕೋವಿಯ ಎರಡರಷ್ಟು ಕೊಡುತ್ತಾರಂತೆ" ಎಂದ ವ್ಯಾಪಾರಿ.

ಬೆಳ್ಯಪ್ಪನ ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಮನೆಗೆ ಹೊಸ ಹೆಂಚು ಹೊದಿಸಬೇಕಾಗಿತ್ತು, ಮುದುಕನ ಕಣ್ಣಿಗೆ ಚಿಕಿತ್ಸೆ ಆಗಬೇಕಾಗಿತ್ತು. ಅದು ದೇಚಮ್ಮನಿಗೂ ಗೊತ್ತಿತ್ತು.

ಅವಳು ಎದ್ದು ನಿಂತು ಕೋವಿಯನ್ನು ಮುದುಕನ ಕಡೆಗೆ ನೀಡಿದಳು. "ಅಜ್ಜ, ನಾನಿನ್ನೂ ಪೂರ್ತಿ ಕೊಟ್ಟಿಲ್ಲ. ನೀವು ಇವರಿಗೇ ಕೊಟ್ಟರೆ ನನ್ನದು ತಕರಾರಿಲ್ಲ."

ಬೆಳ್ಯಪ್ಪ ಕೋವಿ ತೆಗೆದುಕೊಳ್ಳಲಿಲ್ಲ. ಕುಳಿತಲ್ಲಿಂದಲೇ ಧನಿಕನಿಗೆ ಕೈಮುಗಿದ.

"ಕೋವಿ ಮಾರಿ ಆಗಿದೆ ಸ್ವಾಮಿ. ಅದರ ಒಡತಿ ಇಲ್ಲೇ ನಿಂತಿದ್ದಾಳೆ. ಬೇಕಾದರೆ ಅವಳನ್ನು ಕೇಳಿ."

ಧನಿಕ ಅವಳ ಕಡೆಗೆ ತಿರುಗಿದ. ಮುದುಕನಿಗೆ ಹೇಳಿದ ಬೆಲೆಯ ಮೇಲೆ ಇನ್ನಷ್ಟು ಸೇರಿಸಿ ಹೇಳಿದ. ಅಷ್ಟು ದೊಡ್ಡ ಹಣವನ್ನು ದೇಚಮ್ಮ ಒಟ್ಟಿಗೆ ಕಂಡಿರಲಿಲ್ಲ. ಅವಳು ಕೋವಿಯನ್ನು ಎಡಹೆಗಲಿಗೆ ಒರಗಿಸಿಕೊಂಡಳು.

"ಇಲ್ಲ. ಇದು ನನ್ನ ಕೋವಿ."

ಅವಳು ಹಾಗೆ ಅಂದದ್ದು ಅದೇ ಮೊದಲು. ಅಂದ ಮೇಲೆ ತನ್ನ ದನಿಯನ್ನು ತಾನೇ ಕೇಳಿ ಬೆರಗಾದಳು. ಕಾರು ಹೊರಟುಹೋಯಿತು. ಬೆಳ್ಯಪ್ಪನ ಹೆಂಡತಿ ಒಳಗೆ ಹೋಗಿ ಮೂರು ಲೋಟ ಕಾಫಿ ತಂದಳು. ಮೂವರೂ ಜಗಲಿಯಲ್ಲಿ ಕುಳಿತು ಕುಡಿದರು.

ಬೇಸಿಗೆಯಲ್ಲಿ ಜೇನು ಚೆನ್ನಾಗಿ ಬಂತು. ದೇಚಮ್ಮ ಅದನ್ನು ಮಾರಿ ಬಾಕಿ ಕೊಟ್ಟು, ಕೋವಿಯನ್ನು ಹೆಗಲಿಗೇರಿಸಿಕೊಂಡು, ಊರ ನಡುವಿನ ದಾರಿಯಲ್ಲೇ ನಡೆದು ಮನೆಗೆ ಬಂದಳು.

ಮುಂದಿನ ಕೈಲ್ ಮುಹೂರ್ತಕ್ಕೆ ಬೆಳ್ಯಪ್ಪನೂ ಮೈದಾನಕ್ಕೆ ಬಂದು ತಕ್ಕರ ಪಕ್ಕದಲ್ಲಿ ಕುಳಿತ. ದೇಚಮ್ಮನ ಸರದಿ ಬಂತು. ಮೊದಲ ಗುಂಡು ಸಿಪ್ಪೆ ಹಾರಿಸಿತು. ಬೋಲ್ಟು ಎಳೆದು ತಳ್ಳಿದ ಸದ್ದು ಮುದುಕನಿಗೆ ಕೇಳಿತು. ಎರಡನೆಯದು ಕಾಯಿಯನ್ನು ಅಲ್ಲಾಡಿಸಿತು. ಮೂರನೆಯದಕ್ಕೆ ಕಾಯಿ ಎರಡು ಹೋಳಾಗಿ ಕೆಳಗೆ ಬಿತ್ತು. ಜನರ ಕೂಗು ಮೈದಾನವನ್ನು ತುಂಬಿತು. ಆ ದಿನ ಯಾರ ಬಾಯಲ್ಲೂ ಎಡಚಿ ಎಂಬ ಮಾತು ಬರಲಿಲ್ಲ. ಉತ್ತಯ್ಯ ಎಲ್ಲರಿಗಿಂತ ಜೋರಾಗಿ ಕೂಗಿ, ಅವಳು ತನ್ನ ಸೋದರಸೊಸೆ ಎಂದು ಪಕ್ಕದವರಿಗೆಲ್ಲ ಹೇಳಿದ. ಬೆಳ್ಯಪ್ಪ ಎದ್ದು ನಿಂತು ಮೀಸೆ ತಿರುವಿದ. ದೇಚಮ್ಮ ಜನರ ನಡುವೆ ದಾರಿ ಮಾಡಿಕೊಂಡು ಅವನ ಹತ್ತಿರ ಬಂದು ಕಾಲು ಮುಟ್ಟಿದಳು. ಅವನು ಅವಳನ್ನು ಎಬ್ಬಿಸಿ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡ. ಇಬ್ಬರೂ ತಲೆಯೆತ್ತಿ ನಿಂತರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಬೆರಳು ಮಡಚಿ ಲೆಕ್ಕ ಹಾಕಿದ. "ಗುರುಗಳೇ, ಅವಳು ಕಡಿಮೆಗೆ ಕೊಳ್ಳಬಹುದಿತ್ತು. ಅವನು ಹೆಚ್ಚಿಗೆ ಮಾರಬಹುದಿತ್ತು. ಕೂಡಿ ಕಳೆದು ನೋಡಿದರೆ ಇಬ್ಬರಿಗೂ ನಷ್ಟವೇ ಆಯಿತಲ್ಲವೇ?"

ಗುರುಗಳು ಅವನ ಮುಖ ನೋಡಿದರು.

"ಅವರಿಬ್ಬರೂ ಇಡದ ಲೆಕ್ಕವನ್ನು ನೀನು ಯಾರಿಗಾಗಿ ಇಡುತ್ತಿದ್ದೀಯ?"