ಎಡಗಣ್ಣು ಮುಚ್ಚುವ ನಗು

“ಅಯ್ಯನವರೇ, ಹಳೆಯ ಒಡಂಬಡಿಕೆಯ ಯೋಸೇಫನ ಕತೆ ಬರೆದವರು ಕ್ರಿಸ್ತನಿಗಿಂತ ಎಷ್ಟೋ ಕಾಲ ಮೊದಲಿನವರು, ಅವನನ್ನು ಕಂಡವರಲ್ಲ. ಆ ಕತೆಯಲ್ಲಿ ನಾವು ಕ್ರಿಸ್ತನನ್ನು ಕಾಣುವುದು ಸರಿಯೇ?”

ಚರ್ಚಿನ ಪಾದ್ರಿ ಅಯ್ಯನವರನ್ನು ಹೀಗೆ ಕೇಳಿದವನು ಜಯಶೀಲ, ಸಭೆಯ ಹೊಸ ಉಪದೇಶಿ. ಭಾನುವಾರದ ಆರಾಧನೆಯಲ್ಲಿ ಅವನ ಮೊದಲ ಪ್ರಸಂಗ. ಅಣ್ಣಂದಿರು ಯೋಸೇಫನನ್ನು ಬೆಳ್ಳಿಗೆ ಮಾರಿದರು. ಬರಗಾಲದಲ್ಲಿ ಅವನೇ ಅವರನ್ನು ಕ್ಷಮಿಸಿ ಅನ್ನವಿಟ್ಟ. ಕ್ರಿಸ್ತನನ್ನೂ ಬೆಳ್ಳಿಗೆ ಮಾರಿದರು, ಅವನೂ ಕ್ಷಮಿಸಿದ; ಎಲ್ಲವೂ ಹೊಂದುತ್ತದೆ ಎಂದು ಹುಡುಕಿ ಹುಡುಕಿ ಬರೆದುಕೊಂಡಿದ್ದ. ಹೊಂದಿದಷ್ಟೂ ಹಿಗ್ಗು. ಆದರೆ ಇದೆಲ್ಲ ತಾನೇ ಕಟ್ಟಿದ್ದಾದರೆ ಎಂಬ ಅಳುಕು ಬೇರೆ.

ನಾಳೆ ಅವನ ಸ್ವಂತ ಅಣ್ಣನ ಮಗಳ ಮದುವೆ. ನೆರವೇರಿಸುವವರು ಅಯ್ಯನವರೇ. ಅಣ್ಣನೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಪ್ರಸಂಗದ ಕೆಲಸವಿದೆ, ಬರಲಾಗದು ಎಂದು ಜಯಶೀಲ ಹೇಳಿ ಕಳಿಸಿದ್ದ.

ಅಯ್ಯನವರು ಮುಗುಳ್ನಕ್ಕು, “ಕೂತುಕೋ, ಒಬ್ಬ ವ್ಯಾಪಾರಿಯ ಸಂಗತಿ ಹೇಳುತ್ತೇನೆ” ಎಂದು ಶುರು ಮಾಡಿದರು.

ಹರೆಯದಲ್ಲಿ ಆ ವ್ಯಾಪಾರಿಗೆ ಅವನ ಅಪ್ಪ ನಾಲ್ಕು ಜನರೆದುರು ಕಪಾಳಕ್ಕೆ ಹೊಡೆದ. ‘ಇನ್ನು ನಿನ್ನ ಮುಖ ನೋಡುವುದಿಲ್ಲ’ ಎಂದು ಮಗ ಊರು ಬಿಟ್ಟ. ಹಟವೆಂದರೆ ಹಟ! ಬೇರೆ ಊರಿನಲ್ಲಿ ಬೆಲ್ಲದ ಅಂಗಡಿ ಇಟ್ಟ, ಮದುವೆಯಾದ, ಅವನಿಗೂ ಒಬ್ಬ ಮಗ ಹುಟ್ಟಿದ. ಆ ಕೂಸು ನಕ್ಕರೆ ಎಡಗಣ್ಣು ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ಆ ನಗುವೆಂದರೆ ವ್ಯಾಪಾರಿಗೆ ಪ್ರಾಣ.

ಒಮ್ಮೆ ಬೆಲ್ಲ ಕೊಳ್ಳಲು ದೂರದ ಸಂತೆಗೆ ಹೋದ. ಅಲ್ಲೊಬ್ಬ ಮುದುಕ ಯಾರದೋ ಮಾತಿಗೆ ನಗುತ್ತಿದ್ದ. ಎಡಗಣ್ಣು ಪೂರ್ತಿ ಮುಚ್ಚಿತ್ತು. ‘ಅರೇ, ನನ್ನ ಮಗನ ನಗು!’ ಎಂದು ವ್ಯಾಪಾರಿ ಹಿಗ್ಗಿ ಹತ್ತಿರ ಹೋದ. ನೋಡಿದರೆ, ಅಪ್ಪ. ಸಿಟ್ಟಾಗೋಣವೆಂದರೆ ಸಿಟ್ಟೇ ಬರಲಿಲ್ಲ.

‘ಅಪ್ಪಾ, ನೀನು ಹೀಗೆ ನಗುವುದು ಯಾವಾಗಿನಿಂದ?’

‘ಹುಟ್ಟಿದಾಗಿನಿಂದ ಕಣಪ್ಪಾ. ನೀನು ನನ್ನ ಕೈಯನ್ನಷ್ಟೇ ನೆನಪಿಟ್ಟುಕೊಂಡೆ.’

ವ್ಯಾಪಾರಿ ಆ ಕೈಯನ್ನೇ ಹಿಡಿದು ಮನೆಗೆ ಕರೆತಂದ. ಬೀದಿಯವರೆಲ್ಲ ಬಂದು ನೋಡಿ, ‘ಅಜ್ಜ ಥೇಟ್ ಮೊಮ್ಮಗನ ಹಾಗೇ!’ ಎಂದರು. ‘ಮೊದಲು ಹುಟ್ಟಿದವನು ನಾನು ಕಣ್ರಯ್ಯಾ’ ಎಂದು ಮುದುಕ ಗದರಿದ. ಗದರುತ್ತಲೇ ನಕ್ಕ.

ಕತೆ ಮುಗಿಯಿತು. ಜಯಶೀಲನ ಮನಸ್ಸು ಹಗುರಾಯಿತು.

“ಗೊತ್ತಾಯಿತು ಅಯ್ಯನವರೇ. ಮೊಮ್ಮಗ ಬಂದಮೇಲೆಯೇ ಅಜ್ಜನ ನಗು ಕಣ್ಣಿಗೆ ಬಿತ್ತು. ಆದರೆ ನಗು ಮೊದಲಿನಿಂದಲೂ ಇತ್ತು. ಹಾಗಾದರೆ ನಾನು ಯೋಸೇಫನಲ್ಲಿ ಕಂಡದ್ದು ಸರಿ, ಅಲ್ಲವೇ?”

ಅವನು ಪ್ರಸಂಗದ ಹಾಳೆಗಳನ್ನು ಬಿಚ್ಚತೊಡಗಿದ. ಅಯ್ಯನವರು ಮೆಲ್ಲಗೆ ಅವುಗಳ ಮೇಲೆ ಕೈಯಿಟ್ಟರು.

“ಸರಿಯಾಗಿಯೇ ಕಂಡೆ. ನಾಳೆ ನಿನ್ನ ಅಣ್ಣನ ಮುಖವನ್ನೂ ನೋಡಿ ಬಾ, ಆಮೇಲೆ ಪ್ರಸಂಗ ಓದುವಿಯಂತೆ.”

ಜಯಶೀಲ ಹಾಳೆಗಳನ್ನು ಮತ್ತೆ ಮಡಿಸಿಟ್ಟ.