ಸ್ಕ್ರೂ ಮತ್ತು ಸವೆದ ತೂತು

ಒಂದು ಬೇಸ್ ಗಿಟಾರಿನ ಕತ್ತು ಅಲ್ಲಾಡತೊಡಗಿತು. ಅದನ್ನು ಬಿಗಿದಿಡಬೇಕಾದ ಸ್ಕ್ರೂ, ಕತ್ತಿನ ಮರದಲ್ಲಿದ್ದ ತನ್ನ ತೂತನ್ನು ಗದರಿತು: “ನಾನೆಷ್ಟು ತಿರುಗಿದರೂ ನೀನು ಹಿಡಿದುಕೊಳ್ಳುವುದೇ ಇಲ್ಲವಲ್ಲ!”

“ಹಿಡಿದುಕೊಳ್ಳುತ್ತಿದ್ದೆನಯ್ಯಾ,” ಎಂದಿತು ತೂತು. “ಮೊದಲ ಸಲ ನೀನೇ ನನ್ನೊಳಗೆ ಒಂದು ಸುರುಳಿ ದಾರಿ ಕೊರೆದೆ. ಆಮೇಲೆ ಬಿಚ್ಚಿ ಮತ್ತೆ ಹಾಕಿದಾಗಲೆಲ್ಲ ಆ ದಾರಿ ಬಿಟ್ಟು ಬೇರೆ ಕಡೆ ನುಗ್ಗುತ್ತಾ ಬಂದೆ. ಈಗ ನನ್ನಲ್ಲಿ ಉಳಿದಿರುವುದು ಬರೀ ಪುಡಿ.”

ಸ್ಕ್ರೂ ಉತ್ತರ ಕೊಡುವ ಮೊದಲೇ ವಾದ್ಯ ರಿಪೇರಿಯ ಮೌನೇಶಾಚಾರಿ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟರು. ತೂತಿಗೆ ಅಂಟು ಸವರಿದ ಗಟ್ಟಿಮರದ ಕಡ್ಡಿ ತುಂಬಿ, ಒಂದಿಡೀ ದಿನ ಒಣಗಲು ಬಿಟ್ಟು, ಅದರಲ್ಲಿ ಸಣ್ಣದಾಗಿ ಮತ್ತೆ ಕೊರೆದರು. ಸ್ಕ್ರೂಗೆ ಮೇಣ ಹಚ್ಚಿ, ಒಮ್ಮೆ ಒಳಗೆ ತಿರುಗಿಸಿ ಹೊಸ ದಾರಿ ಮಾಡಿ, ಹೊರತೆಗೆದರು. ಆಮೇಲೆ ಕತ್ತನ್ನು ಗಿಟಾರಿಗೆ ಕೂಡಿಸಿ, ಸ್ಕ್ರೂವನ್ನು ತೂತಿನ ಬಾಯಿಗಿಟ್ಟು ಮೊದಲು ಹಿಂದಕ್ಕೆ ತಿರುಗಿಸಿದರು.

“ಒಳಗೆ ಹೋಗಬೇಕಾದವನು ನಾನು, ಹಿಂದಕ್ಕೇಕೆ?” ಎಂದು ಸ್ಕ್ರೂ ಸಿಡುಕಿತು.

“ತಡಿ ಮಾರಾಯ, ದಾರಿ ಸಿಗಲಿ,” ಎಂದರು ಆಚಾರಿ.

ಅಷ್ಟರಲ್ಲಿ ‘ಟಕ್’ ಎಂದು ಸ್ಕ್ರೂ ತನ್ನ ದಾರಿಯಲ್ಲೇ ಕೂತಿತು. ಆಚಾರಿ ಆಗ ಮುಂದಕ್ಕೆ ತಿರುಗಿಸಿದರು. ತೂತು ಅದನ್ನು ಮೆಲ್ಲಗೆ ಹಿಡಿದುಕೊಂಡು ಹೇಳಿತು: “ಇಷ್ಟು ವರ್ಷದಲ್ಲಿ ನೀನು ನನ್ನನ್ನು ಹುಡುಕಿಕೊಂಡು ಬಂದದ್ದು ಇವತ್ತೇ.”