ಗುಂಗುರು ಎಳೆಯ ಹಕ್ಕು

"ಗುರುಗಳೇ, ಒಮ್ಮೆ ಇಲ್ಲ ಎನ್ನಿಸಿಕೊಂಡದ್ದನ್ನು ಮತ್ತೆ ಕೇಳುವುದು ಹಠವಲ್ಲವೇ?" ಎಂದು ಮರುಳಸಿದ್ಧ ಕೇಳಿದ. ಬೇರೆ ಊರಿನಲ್ಲಿ ತನ್ನದೇ ಪಾಠಶಾಲೆ ತೆರೆಯಲು ಅವನು ಅಪ್ಪಣೆ ಬೇಡಿದ್ದ. ಗುರುಗಳು ಕೊಟ್ಟಿರಲಿಲ್ಲ.

ಗುರುಗಳು ನಕ್ಕರು. "ಹಠವೋ ಅಲ್ಲವೋ, ಮುಖವನ್ನಂತೂ ಊದಿಸಿಕೊಂಡು ಬಂದಿದ್ದೀಯ. ಕುಳಿತುಕೋ" ಎಂದು ಕತೆ ಶುರುಮಾಡಿದರು.

ಒಬ್ಬ ನೂಲು ತಯಾರಕನಿದ್ದ. ಪ್ಲಾಸ್ಟಿಕ್ಕಿನಂಥ ಎರಡು ಬಗೆಯ ಪಾಲಿಮರ್ ಕರಗಿಸಿ, ಜೋಡಿಸಿ, ಒಂದೇ ಎಳೆಯಾಗಿ ತೆಗೆಯುತ್ತಿದ್ದ. ಆ ಎಳೆ ಉಣ್ಣೆಯ ಹಾಗೆ ಗುಂಗುರಾಗಿರುತ್ತಿತ್ತು. ಅದಕ್ಕಾಗಿ ಪಾಪ, ಅರ್ಧ ಆಯುಸ್ಸು ಸವೆಸಿದ್ದ. ದೊಡ್ಡ ಗಿರಣಿಯೊಂದು ಆಗಲೇ ಆ ಎಳೆಯ ಮೇಲೆ ಕಣ್ಣಿಟ್ಟಿತ್ತು. ಎಳೆ ತನ್ನದೆನ್ನುವ ಹಕ್ಕುಪತ್ರ, ಅಂದರೆ ಪೇಟೆಂಟ್, ಸಿಗದಿದ್ದರೆ ಅವನ ಶ್ರಮವೆಲ್ಲ ಗಿರಣಿಯ ಪಾಲಾಗುವುದಿತ್ತು. ಹೆದರಿಕೆಯಲ್ಲಿ ಅವನು ಆಸೆಬುರುಕನಾದ. ಗುಂಗುರಾದ ಕೃತಕ ಎಳೆಗಳೆಲ್ಲ ತನ್ನವೇ ಎಂದು ಅರ್ಜಿಯಲ್ಲಿ ಬರೆದ.

ಪೇಟೆಂಟ್ ಕಚೇರಿಯ ಪರೀಕ್ಷಕ ಅರ್ಜಿಯನ್ನು ತಳ್ಳಿಹಾಕಿದ. ಹಲ್ಲುಚಕ್ರಗಳ ನಡುವೆ ಒತ್ತಿ ಎಳೆಯನ್ನು ಗುಂಗುರು ಮಾಡುವುದು ಎಲ್ಲರಿಗೂ ಗೊತ್ತಿದ್ದ ಕೆಲಸ, ಇದರಲ್ಲಿ ಹೊಸದೇನಿದೆ ಎಂದ. ತಯಾರಕನಿಗೆ ಮೈಯೆಲ್ಲ ಉರಿದುಹೋಯಿತು. ಮೇಲ್ಮನವಿ ಹಾಕಿದ.

ಮೇಲ್ಮನವಿ ಕೇಳಿದ ಅಧಿಕಾರಿ ಒಬ್ಬ ಹೆಂಗಸು. ಹಳೆಯ ಬಗೆಯ ಎಳೆಯನ್ನೂ ಅವನ ಎಳೆಯನ್ನೂ ತರಿಸಿ ಮೇಜಿನ ಮೇಲಿಟ್ಟಳು. ನೋಡಲು ಎರಡೂ ಒಂದೇ. "ಇದರಿಂದ ಆಗದ್ದು ನಿಮ್ಮದರಿಂದ ಏನಾಗುತ್ತದೆ, ತೋರಿಸಿ" ಎಂದಳು.

ತಯಾರಕ ಬಿಸಿನೀರು ಕೇಳಿದ. ಎರಡನ್ನೂ ಜಗ್ಗಿ ನೇರಮಾಡಿ ಅದ್ದಿದ. ಹಳೆಯದು ಜೋಲುಬಿದ್ದು ಹಾಗೆಯೇ ಉಳಿಯಿತು. ಅವನ ಎಳೆಯಲ್ಲಿ ಒಂದು ಪಾಲಿಮರ್ ಹೆಚ್ಚು ಕುಗ್ಗಿತು, ಇನ್ನೊಂದು ಕಡಿಮೆ ಕುಗ್ಗಿತು. ಎಳೆ ತಾನಾಗಿಯೇ ಮತ್ತೆ ಗುಂಗುರಾಯಿತು.

"ಇದನ್ನು ಅರ್ಜಿಯ ಕಟ್ಟಕಡೆಗೆ ಯಾಕೆ ಬರೆದಿರಿ?" ಎಂದು ಅಧಿಕಾರಿ ಕೇಳಿದಳು.

"ಚಿಕ್ಕ ಸಂಗತಿ ಮೇಡಂ. ಇಷ್ಟನ್ನೇ ಕೇಳಿದರೆ ಇಷ್ಟೇ ಸಿಗುತ್ತದಲ್ಲ ಅಂದುಕೊಂಡೆ."

ಅವಳು ದೊಡ್ಡ ಕೋರಿಕೆಗಳನ್ನೆಲ್ಲ ತೆಗೆದುಹಾಕಿ ಆ ಕೊನೆಯ ಒಂದನ್ನು ಉಳಿಸಿ ಪೇಟೆಂಟ್ ಕೊಡಿಸಿದಳು. ತಯಾರಕ ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದ. ಸ್ವಲ್ಪ ಕಾಲದಲ್ಲೇ ಗಿರಣಿಯವರು ಅವನ ಬಾಗಿಲಿಗೆ ಬಂದರು. ಒಗೆದಾಗ ಸತ್ತುಹೋಗುವ ಗುಂಗುರು ಯಾರಿಗೂ ಬೇಡವಾಗಿತ್ತು. ಎಳೆ ತಯಾರಿಸಲು ಅವನ ಒಪ್ಪಿಗೆ ಬೇಕೆಂದು ಕೈಮುಗಿದು ಕೇಳಿದರು. ಅವನಿಗೆ ಸಂತೋಷದಿಂದ ಅಳುವೇ ಬಂತು.

ಮರುಳಸಿದ್ಧನ ಮುಖ ಅರಳಿತು. "ಹಾಗಾದರೆ ನಾನೂ ಮತ್ತೆ ಕೇಳಬಹುದೇ?"

"ಧಾರಾಳವಾಗಿ ಕೇಳು ಮಗು. ಅಲ್ಲಿ ನೀನು ಹೇಳುವ ಪಾಠದಲ್ಲಿ ನನ್ನದಲ್ಲದ, ನಿನ್ನದೇ ಆದದ್ದು ಯಾವುದು?"

ಮರುಳಸಿದ್ಧ ತನ್ನ ಪಾಠಗಳನ್ನು ಒಂದೊಂದಾಗಿ ನೆನೆದು ಬೆರಳು ಮಡಿಸತೊಡಗಿದ. ಗುರುಗಳು ಎದ್ದುಹೋಗಲಿಲ್ಲ, ಕಾಯುತ್ತ ಕುಳಿತರು.